ಒಗ್ಗರಣೆಗೆ ಮುಂಚೆ ಬೆಕ್ಕಿನ ಪಾಲು

ನಮ್ಮೂರಲ್ಲಿ ಬೆಕ್ಕು ಇಲ್ಲದ ಬೀದಿ ಇಲ್ಲ. ರಾಗಿ ಇರುವ ಕಡೆ ಇಲಿ ಇರುತ್ತದೆ. ಇಲಿ ಇರುವ ಕಡೆ ಬೆಕ್ಕು ಬೇಕಾಗುತ್ತದೆ. ಅದಕ್ಕೇ ನಾವು ಬೆಕ್ಕು ಸಾಕುತ್ತೇವೆ. ಸಾಕಿದ ಮೇಲೆ ಅದು ಮನೆಯ ಮಗುವೇ ಆಗಿಬಿಡುತ್ತದೆ. ನಾವು ಊಟಕ್ಕೆ ಕೂತರೆ ಪಕ್ಕದಲ್ಲಿ ಬಂದು ಕೂರುತ್ತದೆ. ಮಿಯಾಂವ್ ಅನ್ನುತ್ತದೆ. ಮೊಣಕಾಲಿಗೆ ತಲೆ ಉಜ್ಜುತ್ತದೆ. ನಮಗೆ ಮನಸ್ಸು ತಡೆಯುವುದಿಲ್ಲ. ತಟ್ಟೆಯಿಂದ ಒಂದು ತುತ್ತು ತೆಗೆದು ಹಾಕುತ್ತೇವೆ.

ಹಾಗೆ ಹಾಕುವುದು ಒಳ್ಳೆಯ ಮನಸ್ಸೇ. ಆದರೆ ಹಾಕಿದ ತುತ್ತು ಬೆಕ್ಕಿಗೆ ಒಳ್ಳೆಯದೋ, ಕೆಟ್ಟದ್ದೋ? ಇದನ್ನು ನಾವು ಯಾವತ್ತೂ ಯೋಚಿಸಿರಲಿಲ್ಲ. ಮೂಲೆಮನೆ ಅಜ್ಜಿಯ ಬೆಕ್ಕು ಕಾಯಿಲೆ ಬಿದ್ದಾಗ ಯೋಚಿಸಿದೆವು. ಆಗ ನಾವು ಕಲಿತದ್ದನ್ನು ಇಲ್ಲಿ ನಿಮಗೂ ಹೇಳುತ್ತೇವೆ. ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಕೆಂಚಿಗೆ ಏನಾಯಿತು?

ನಾವು ಹನ್ನೆರಡು ಮಂದಿ ಹೆಂಗಸರು. ಸಂಜೆ ಹೊತ್ತು ಶಾಲೆಯ ಜಗಲಿಯಲ್ಲಿ ಸೇರಿ ಓದು ಬರಹ ಕಲಿಯುತ್ತೇವೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಮೂಲೆಮನೆ ಅಜ್ಜಿ. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮಗ, ಸೊಸೆ ಪಟ್ಟಣದಲ್ಲಿದ್ದಾರೆ. ಹಬ್ಬಕ್ಕೆ ಮಾತ್ರ ಬರುತ್ತಾರೆ. ಉಳಿದ ದಿನ ಮನೆಯಲ್ಲಿ ಇರುವುದು ಅಜ್ಜಿ ಮತ್ತು ಅವರ ಬೆಕ್ಕು. ಬೆಕ್ಕಿನ ಹೆಸರು ಕೆಂಚಿ. ಅಜ್ಜಿ ಕಲಿಯಲು ಬಂದರೆ ಕೆಂಚಿಯೂ ಹಿಂದೆಯೇ ಬಂದು ಸ್ಲೇಟಿನ ಮೇಲೆ ಕೂರುತ್ತಿತ್ತು.

ಊರ ಹಬ್ಬ ಆಯಿತು. ಮನೆ ಮನೆಯಲ್ಲೂ ಬಾಡೂಟ. ಅಜ್ಜಿಯ ಮನೆಯಲ್ಲೂ ಕೋಳಿಸಾರು ಮಾಡಿದ್ದರು. ನೆಂಟರ ಮನೆಯಿಂದಲೂ ಸಾರು ಬಂದಿತ್ತು. ಮಿಕ್ಕ ಸಾರನ್ನು ಅಜ್ಜಿ ದಿನಾ ಕಾಯಿಸಿ ಇಟ್ಟರು. ನಾಲ್ಕು ದಿನ ಕೆಂಚಿಗೆ ಮುದ್ದೆ, ಸಾರು ಕಲಸಿ ಹಾಕಿದರು. ಕೆಂಚಿ ತಟ್ಟೆ ನೆಕ್ಕಿ ನೆಕ್ಕಿ ತಿಂದಿತು.

ಐದನೆಯ ದಿನ ಕೆಂಚಿ ಮೂಲೆ ಹಿಡಿಯಿತು. ಕರೆದರೂ ಬರಲಿಲ್ಲ. ಹಾಕಿದ್ದು ತಿನ್ನಲಿಲ್ಲ. ಬೇಗ ಬೇಗ ಉಸಿರಾಡುತ್ತಿತ್ತು. ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು.

"ಯಾರದೋ ದೃಷ್ಟಿ ತಾಗೈತೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಮ್ಮ" ಅಂತ ಪಕ್ಕದ ಮನೆಯವರು ಹೇಳಿದರು.

ಅಜ್ಜಿ ಅದನ್ನೂ ಮಾಡಿದರು. ಏನೂ ಆಗಲಿಲ್ಲ. ಅಜ್ಜಿ ನಮ್ಮ ಹತ್ತಿರ ಬಂದು ಕಣ್ಣೀರು ಹಾಕಿದರು.

"ಹೋದ ವರ್ಷಾನೂ ಹಬ್ಬ ಕಳೆದ ಮೇಲೆ ನನ್ನ ಬೊಮ್ಮ ಹಿಂಗೇ ಹೋಯ್ತು ಕಣವ್ವ. ಇದೂ ಹೋದರೆ ನನಗೆ ಯಾರವ್ವ ಇದ್ದಾರೆ?"

ಆ ಮಾತು ಕೇಳಿ ನಾವು ಸುಮ್ಮನಿರಲು ಆಗಲಿಲ್ಲ. ಬುಟ್ಟಿಗೆ ಹಳೆ ಸೀರೆ ಹಾಸಿದೆವು. ಕೆಂಚಿಯನ್ನು ಅದರಲ್ಲಿ ಮಲಗಿಸಿದೆವು. ನಮ್ಮಲ್ಲಿ ಇಬ್ಬರು ಅಜ್ಜಿಯ ಜೊತೆ ಬಸ್ಸು ಹತ್ತಿ ಪಶು ಆಸ್ಪತ್ರೆಗೆ ಹೋದೆವು.

ಸಾರಿನಲ್ಲಿ ಏನಿತ್ತು?

ಡಾಕ್ಟ್ರಮ್ಮ ಕೆಂಚಿಯ ತುಟಿ ಎತ್ತಿ ವಸಡು ನೋಡಿದರು. ಗುಲಾಬಿ ಬಣ್ಣ ಇರಬೇಕಾದ ವಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಅಜ್ಜಿ, ಇದಕ್ಕೆ ಈರುಳ್ಳಿ ಏನಾದರೂ ತಿನ್ನಿಸಿದಿರಾ?" ಎಂದು ಕೇಳಿದರು.

"ಇಲ್ಲ ಕಣವ್ವ. ಬೆಕ್ಕಿಗೆ ಯಾರು ಈರುಳ್ಳಿ ಹಾಕ್ತಾರೆ? ಬರೀ ಸಾರು ಮುದ್ದೆ ಹಾಕಿದ್ದು."

"ಸಾರಿಗೆ ಏನೇನು ರುಬ್ಬುತ್ತೀರಿ?"

ಅಜ್ಜಿ ಬೆರಳು ಮಡಿಸುತ್ತಾ ಹೇಳಿದರು. "ಕಾಯಿ, ಧನಿಯ, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ..."

ಅಲ್ಲಿಗೆ ಅಜ್ಜಿಯ ಮಾತು ನಿಂತಿತು.

ಡಾಕ್ಟ್ರಮ್ಮ ನಮಗೆ ವಿವರವಾಗಿ ಹೇಳಿದರು. ನಮ್ಮ ರಕ್ತದಲ್ಲಿ ಕೆಂಪು ಕಣಗಳಿವೆ. ಬೆಕ್ಕಿನ ರಕ್ತದಲ್ಲೂ ಇವೆ. ಉಸಿರಿನ ಗಾಳಿಯಲ್ಲಿರುವ ಆಮ್ಲಜನಕವನ್ನು ಮೈಗೆಲ್ಲಾ ಹೊತ್ತು ಹಂಚುವುದು ಈ ಕಣಗಳ ಕೆಲಸ. ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಗಂಧಕ ಸೇರಿದ ಕೆಲವು ವಸ್ತುಗಳಿವೆ. ಅವು ನಮಗೆ ತೊಂದರೆ ಮಾಡುವುದಿಲ್ಲ. ಬೆಕ್ಕಿನ ಕೆಂಪು ಕಣಗಳು ಮಾತ್ರ ಬಹಳ ನಾಜೂಕು. ಅವು ಕೆಟ್ಟು ಒಡೆದು ಹೋಗುತ್ತವೆ. ಆಗ ಬೆಕ್ಕಿಗೆ ರಕ್ತ ಸಾಲದೆ ಬರುತ್ತದೆ. ಒಡೆದ ಕಣಗಳ ಬಣ್ಣವೇ ಉಚ್ಚೆಯಲ್ಲಿ ಕಾಣುತ್ತದೆ.

"ಬೇಯಿಸಿದರೆ ಅದರ ವಿಷ ಹೋಗಲ್ವಾ?" ಎಂದು ನಾವು ಕೇಳಿದೆವು.

"ಹೋಗಲ್ಲ. ಹಸಿ ಆದರೂ ಅಷ್ಟೇ, ಬೆಂದರೂ ಅಷ್ಟೇ. ಒಣಗಿಸಿ ಪುಡಿ ಮಾಡಿದರೂ ಅಷ್ಟೇ. ಈರುಳ್ಳಿ ಹೋಳು ಆರಿಸಿ ತೆಗೆದರೂ ರಸ ಸಾರಿನಲ್ಲೇ ಉಳಿದಿರುತ್ತೆ. ಬೆಳ್ಳುಳ್ಳಿ ಇನ್ನೂ ಜೋರು."

ಇನ್ನೊಂದು ಮಾತನ್ನೂ ಅವರು ಹೇಳಿದರು. ಈ ಕಾಯಿಲೆ ತಿಂದ ಕೂಡಲೇ ಕಾಣುವುದಿಲ್ಲ. ಕೆಲವು ದಿನ ಕಳೆದ ಮೇಲೆ ಕಾಣುತ್ತದೆ. ಅದಕ್ಕೇ ತಿಂದದ್ದಕ್ಕೂ ಕಾಯಿಲೆಗೂ ಸಂಬಂಧ ಇದೆ ಅಂತ ನಮಗೆ ಹೊಳೆಯುವುದಿಲ್ಲ. ದೃಷ್ಟಿ ತಾಗಿತು ಅಂದುಕೊಳ್ಳುತ್ತೇವೆ.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು. "ಹಂಗಾದರೆ ಬೊಮ್ಮನಿಗೂ ನಾನೇ ಹಾಕಿದ್ದೆ."

"ನಿಮಗೆ ಗೊತ್ತಿರಲಿಲ್ಲ ಅಜ್ಜಿ. ಈಗ ಗೊತ್ತಾಯಿತಲ್ಲ" ಎಂದರು ಡಾಕ್ಟ್ರಮ್ಮ. ಕೆಂಚಿಗೆ ಡ್ರಿಪ್ ಹಾಕಿದರು.

ಒಂದು ಲೆಕ್ಕ ಮಾಡೋಣ

ಎಷ್ಟು ಈರುಳ್ಳಿ ಬೆಕ್ಕಿಗೆ ಕೆಟ್ಟದ್ದು? ಬೆಕ್ಕಿನ ಒಂದು ಕಿಲೋ ತೂಕಕ್ಕೆ 5 ಗ್ರಾಂ ಈರುಳ್ಳಿ ಸೇರಿದರೂ ರಕ್ತ ಕೆಡುವುದುಂಟು.

ಬೆಕ್ಕಿನ ತೂಕ 3 ಕಿಲೋ ಅಂದುಕೊಳ್ಳೋಣ.
3 × 5 = 15 ಗ್ರಾಂ.

ಒಂದು ಮಧ್ಯಮ ಈರುಳ್ಳಿ ಸುಮಾರು 100 ಗ್ರಾಂ ತೂಗುತ್ತದೆ. ಅದನ್ನು ಏಳು ಪಾಲು ಮಾಡಿ. ಅದರಲ್ಲಿ ಒಂದು ಪಾಲು ಸಾಕು. ಒಂದೇ ಸಲ ತಿನ್ನಬೇಕು ಅಂತಲೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಸೇರಿದರೂ ತೊಂದರೆಯೇ. ಕೆಂಚಿಗೆ ಆದದ್ದು ಹೀಗೇ.

ಇನ್ನೊಂದು ಲೆಕ್ಕ. ನಮ್ಮ ತೂಕ 60 ಕಿಲೋ, ಬೆಕ್ಕಿನ ತೂಕ 3 ಕಿಲೋ. ನಾವು ಬೆಕ್ಕಿಗಿಂತ 20 ಪಟ್ಟು ದೊಡ್ಡವರು. ನಮಗೆ ಒಂದು ತುತ್ತು ಅನ್ನಿಸಿದ್ದು ಬೆಕ್ಕಿಗೆ ಒಂದು ಊಟ. ನಮಗೆ ಚಿಟಿಕೆ ಉಪ್ಪು ಅನ್ನಿಸಿದ್ದು ಬೆಕ್ಕಿಗೆ ಹಿಡಿ ಉಪ್ಪು.

ಬೆಕ್ಕು ಹುಲಿಯ ಜಾತಿ

ಬೆಕ್ಕು ಹುಲಿ, ಚಿರತೆಯ ಜಾತಿಗೆ ಸೇರಿದ ಪ್ರಾಣಿ. ಅದು ಮಾಂಸ ತಿಂದು ಬದುಕುವ ಹಾಗೆ ಹುಟ್ಟಿದೆ. ನಾಯಿ ಅನ್ನ ಮುದ್ದೆಗೆ ಬಹಳ ಮಟ್ಟಿಗೆ ಒಗ್ಗಿಕೊಂಡಿದೆ. ಬೆಕ್ಕು ಅಷ್ಟು ಒಗ್ಗಿಕೊಂಡಿಲ್ಲ.

ಟಾರಿನ್ ಎಂಬ ಒಂದು ಸತ್ವ ಇದೆ. ಇದು ಮಾಂಸ, ಮೀನು, ಇಲಿಯ ಮೈಯಲ್ಲಿ ಇರುತ್ತದೆ. ಅನ್ನ, ರಾಗಿ, ಕಾಳಿನಲ್ಲಿ ಇಲ್ಲ. ನಮ್ಮ ಮೈ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ಮೈ ಬೇಕಾದಷ್ಟು ತಯಾರಿಸಲಾರದು. ಬಹಳ ಕಾಲ ಟಾರಿನ್ ಸಿಗದಿದ್ದರೆ ಬೆಕ್ಕಿನ ಕಣ್ಣು ಮಂಜಾಗಿ ಕುರುಡಾಗಬಹುದು. ಹೃದಯ ಸೋಲಬಹುದು. 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಅಲ್ಲಿ ಪೊಟ್ಟಣದ ಆಹಾರ ತಿನ್ನುತ್ತಿದ್ದ ಬೆಕ್ಕುಗಳಿಗೂ ಹೃದಯದ ಕಾಯಿಲೆ ಬರುತ್ತಿತ್ತು. ಆ ಆಹಾರದಲ್ಲಿ ಟಾರಿನ್ ಸಾಲದೆ ಇತ್ತು. ಟಾರಿನ್ ಹೆಚ್ಚಿಸಿದ ಮೇಲೆ ಆ ಕಾಯಿಲೆ ಬಹಳ ಕಡಿಮೆಯಾಯಿತು.

ಬೆಕ್ಕಿಗೆ ಸಿಹಿ ರುಚಿಯೂ ತಿಳಿಯುವುದಿಲ್ಲ. 2005ರಲ್ಲಿ ಇದರ ಕಾರಣ ಗೊತ್ತಾಯಿತು. ನಾಲಿಗೆಗೆ ಸಿಹಿ ತಿಳಿಸುವ ಒಂದು ವಂಶವಾಹಿ ಬೆಕ್ಕಿನಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಹಬ್ಬದ ಪಾಯಸ, ಒಬ್ಬಟ್ಟು ಕೊಟ್ಟು ಬೆಕ್ಕಿಗೆ ಸಿಹಿ ತಿನ್ನಿಸಿದೆವು ಅಂತ ನಾವು ಖುಷಿಪಡುತ್ತೇವೆ. ಪಾಪ, ಅದಕ್ಕೆ ಸಿಹಿ ಅಂದರೆ ಏನೆಂದೇ ಗೊತ್ತಿಲ್ಲ.

ಹಾಲಿನ ಮಾತು

ತೆನ್ನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲಾ ಗೊತ್ತು. ಇಲಿಗಳ ಕಾಟ ಹೆಚ್ಚಿತು ಅಂತ ಕೃಷ್ಣದೇವರಾಯ ಎಲ್ಲರಿಗೂ ಒಂದೊಂದು ಬೆಕ್ಕು ಕೊಟ್ಟ. ಹಾಲಿಗೆ ಒಂದೊಂದು ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲನೇ ದಿನ ಕುದಿಯುವ ಹಾಲು ಇಟ್ಟ. ಬೆಕ್ಕು ಬಾಯಿ ಸುಟ್ಟುಕೊಂಡಿತು. ಆಮೇಲೆ ಹಾಲು ಕಂಡರೆ ಓಡಿಹೋಗುತ್ತಿತ್ತು. ಹಾಲೆಲ್ಲಾ ರಾಮಕೃಷ್ಣನ ಮನೆಯವರ ಪಾಲಾಯಿತು.

ಕಥೆ ಕೇಳಿ ನಗುತ್ತೇವೆ. 'ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ' ಎಂಬ ಗಾದೆಯನ್ನೂ ಹೇಳುತ್ತೇವೆ. ಬೆಕ್ಕಿನ ಊಟ ಅಂದರೆ ಹಾಲು ಅಂತಲೇ ನಮ್ಮ ಲೆಕ್ಕ. ನಿಜ ಏನು?

ಮರಿ ಬೆಕ್ಕಿಗೆ ತಾಯಿ ಬೆಕ್ಕಿನ ಹಾಲು ಅಮೃತ. ಬೆಳೆದ ಬೆಕ್ಕಿಗೆ ಹಾಲು ಬೇಕಾಗಿಲ್ಲ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ಬೆಳೆದ ಮೇಲೆ ಬಹಳ ಬೆಕ್ಕುಗಳಿಗೆ ಕಡಿಮೆಯಾಗುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ. ಹಾಲು ಕುಡಿದು ಏನೂ ಆಗದ ಬೆಕ್ಕುಗಳೂ ಇವೆ. ಅಂಥದಕ್ಕೆ ಒಂದೆರಡು ಚಮಚ ಕೊಟ್ಟರೆ ಅಡ್ಡಿಯಿಲ್ಲ. ಮೊಸರಿನಲ್ಲಿ ಆ ಸಕ್ಕರೆ ಕಡಿಮೆ. ಒಂದು ಚಮಚ ಮೊಸರು ಕೊಡಬಹುದು.

ದಿನಾ ಇಡಬೇಕಾದದ್ದು ಒಳ್ಳೆಯ ನೀರು. ಹಾಲು ಇಟ್ಟೆವು, ನೀರು ಬೇಡ ಅನ್ನಬಾರದು.

ಏನು ಕೊಡಬಹುದು?

ಡಾಕ್ಟ್ರಮ್ಮ ಒಂದು ಸುಲಭದ ದಾರಿ ಹೇಳಿಕೊಟ್ಟರು. "ಊಟ ಆದ ಮೇಲೆ ಮಿಕ್ಕಿದ್ದು ಹಾಕಬೇಡಿ. ಅಡುಗೆ ಶುರು ಮಾಡುವಾಗಲೇ ಬೆಕ್ಕಿನ ಪಾಲು ಎತ್ತಿಡಿ."

ಅಂದರೆ ಉಪ್ಪು, ಖಾರ, ಮಸಾಲೆ, ಒಗ್ಗರಣೆ ಬೀಳುವುದಕ್ಕೆ ಮುಂಚೆ ಬೆಕ್ಕಿನ ಪಾಲು ತೆಗೆಯಬೇಕು. ಇದಕ್ಕೆ ದುಡ್ಡು ಬೇಡ. ನೆನಪು ಬೇಕು, ಅಷ್ಟೇ.

ಕೋಳಿ, ಕುರಿ ಮಾಂಸ: ಹೆಚ್ಚುವಾಗಲೇ ಎರಡು ಸಣ್ಣ ತುಂಡು ಎತ್ತಿಡಿ. ಬರೀ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ಉಪ್ಪು ಬೇಡ. ಮೂಳೆ ತೆಗೆದು, ಬಿಡಿಸಿ, ಆರಿಸಿ ಹಾಕಿ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಟಾರಿನ್ ನೀರಿಗೆ ಇಳಿದಿರುತ್ತದೆ. ಆ ನೀರನ್ನೂ ಆರಿಸಿ ಕೊಡಿ.

ಈಲಿ: ಇದು ಬೆಕ್ಕಿಗೆ ಬಹಳ ಇಷ್ಟ. ವಾರಕ್ಕೆ ಒಂದು ಸಲ ಒಂದು ಸಣ್ಣ ತುಂಡು ಸಾಕು. ದಿನಾ ಕೊಟ್ಟರೆ ಎ ಜೀವಸತ್ವ ಅತಿಯಾಗಿ ಮೂಳೆಗಳು ಕೆಡುತ್ತವೆ.

ಮೀನು: ಬೇಯಿಸಿ, ಮುಳ್ಳು ತೆಗೆದು ಕೊಡಿ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ-1 ಜೀವಸತ್ವವನ್ನು ಹಾಳುಮಾಡುವ ವಸ್ತು ಇರುತ್ತದೆ. ಬೇಯಿಸಿದರೆ ಅದು ಹೋಗುತ್ತದೆ. ಮೂರು ಹೊತ್ತೂ ಬರೀ ಮೀನು ಬೇಡ. ಉಪ್ಪು ಹಾಕಿದ ಒಣಮೀನು ಬೇಡವೇ ಬೇಡ.

ಮೊಟ್ಟೆ: ಬೇಯಿಸಿದ ಮೊಟ್ಟೆ ಒಳ್ಳೆಯದು. ಹಸಿ ಮೊಟ್ಟೆ ಬೇಡ. ಹಸಿ ಮೊಟ್ಟೆಯ ಬಿಳಿ ಭಾಗ ಒಂದು ಜೀವಸತ್ವವನ್ನು ಮೈಗೆ ಸೇರದಂತೆ ತಡೆಯುತ್ತದೆ. ಹಸಿ ಮೊಟ್ಟೆಯಲ್ಲಿ ರೋಗಾಣುಗಳೂ ಇರಬಹುದು.

ಅನ್ನ, ಮುದ್ದೆ, ಬೇಯಿಸಿದ ಕುಂಬಳಕಾಯಿ: ಮಾಂಸದ ಜೊತೆ ಸ್ವಲ್ಪ ಸೇರಿಸಬಹುದು. ಇವು ಹೊಟ್ಟೆ ತುಂಬಿಸುತ್ತವೆ. ಇವೇ ಪೂರ್ತಿ ಊಟ ಆಗುವುದಿಲ್ಲ.

"ಇಲಿ ತಿನ್ನುವಾಗ ಬೆಕ್ಕು ಮೂಳೆಯನ್ನೂ ತಿನ್ನುತ್ತಲ್ಲ? ಕೋಳಿ ಮೂಳೆ ಯಾಕೆ ಬೇಡ?" ಎಂದು ನಮ್ಮಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಇಲಿಯ ಮೂಳೆ ಹಸಿ, ಸಣ್ಣದು, ಬಾಗುತ್ತದೆ. ಬೆಂದ ಕೋಳಿ ಮೂಳೆ ಬಿರುಸಾಗಿರುತ್ತದೆ. ಸೀಳಿ ಸೂಜಿಯ ಹಾಗೆ ಚೂಪಾಗುತ್ತದೆ. ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ಮಾಂಸ ಮಾಡದ ಮನೆಯಲ್ಲಿ ಏನು ಮಾಡುವುದು?

ನಮ್ಮಲ್ಲಿ ಮೂವರ ಮನೆಯಲ್ಲಿ ಮಾಂಸ, ಮೊಟ್ಟೆ ಮಾಡುವುದಿಲ್ಲ. ಅವರ ಮನೆಯಲ್ಲೂ ಬೆಕ್ಕುಗಳಿವೆ. ಮೊಸರನ್ನ ತಿಂದು ಬೆಳೆದಿವೆ.

ಊರಿನ ಬೆಕ್ಕು ಹೊರಗೆ ತಿರುಗುತ್ತದೆ. ಇಲಿ, ಓತಿಕ್ಯಾತ ಹಿಡಿದು ತಿನ್ನುತ್ತದೆ. ತನಗೆ ಬೇಕಾದ ಸತ್ವವನ್ನು ಅಲ್ಲಿಂದ ಪಡೆಯುತ್ತದೆ. ಮೊಸರನ್ನದಿಂದ ಬೆಳೆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಬೆಕ್ಕನ್ನು ಮನೆಯೊಳಗೇ ಇಟ್ಟು ಬರೀ ಮೊಸರನ್ನ ಹಾಕಿದರೆ ಅದು ಸೊರಗುತ್ತದೆ. ಪಟ್ಟಣದ ಮಹಡಿ ಮನೆಗಳ ಬೆಕ್ಕಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಅಂಥ ಬೆಕ್ಕಿಗೆ ಬೆಕ್ಕಿಗೆಂದೇ ಮಾಡಿದ ಪೊಟ್ಟಣದ ಆಹಾರ ತರಬೇಕು. ನಾಯಿಯ ಪೊಟ್ಟಣ ಸಾಲದು. ಪೊಟ್ಟಣ ತಿನ್ನುವ ಬೆಕ್ಕಿಗೆ ನಮ್ಮ ಅಡುಗೆಯ ಪಾಲು ಹತ್ತರಲ್ಲಿ ಒಂದು ಭಾಗ ಮೀರದಿರಲಿ.

ಏನು ಕೊಡಬಾರದು?

1. ಈರುಳ್ಳಿ, ಬೆಳ್ಳುಳ್ಳಿ ಬೇಡ. ಈರುಳ್ಳಿ ಹೂವು, ಈರುಳ್ಳಿ ಸೊಪ್ಪೂ ಬೇಡ. ಇವು ಸೇರಿದ ಸಾರು, ಪಲ್ಯ, ಬಿರಿಯಾನಿ, ಕಬಾಬು ಯಾವುದೂ ಬೇಡ.
2. ಬೆಂದ ಮೂಳೆ, ಮೀನಿನ ಮುಳ್ಳು ಬೇಡ.
3. ಉಪ್ಪಿನಕಾಯಿ, ಹಪ್ಪಳ, ಚಿಪ್ಸು, ಒಣಮೀನು ಬೇಡ. ಉಪ್ಪು ಅತಿಯಾಗುತ್ತದೆ.
4. ಚಾಕೊಲೇಟು, ಟೀ, ಕಾಫಿ ಬೇಡ. ಬೆಕ್ಕಿನ ಹೃದಯಕ್ಕೂ ನರಕ್ಕೂ ಕೆಟ್ಟದ್ದು.
5. ದ್ರಾಕ್ಷಿ, ಒಣದ್ರಾಕ್ಷಿ ಬೇಡ. ನಾಯಿಗಳಲ್ಲಿ ಇದು ಮೂತ್ರಪಿಂಡ ಕೆಡಿಸುತ್ತದೆ. ಬೆಕ್ಕಿಗೂ ಕೊಡದಿರುವುದೇ ಕ್ಷೇಮ.
6. ಹೆಂಡ, ಸಾರಾಯಿ ಬೇಡ. ಹಬ್ಬದ ದಿನ ಕೆಲವರು ತಮಾಷೆಗೆ ಕುಡಿಸುತ್ತಾರೆ. ಅದು ತಮಾಷೆಯಲ್ಲ. ಬೆಕ್ಕಿನ ಪ್ರಾಣ ಹೋಗುತ್ತದೆ.
7. ಕರಿದ ಎಣ್ಣೆ, ಮಾಂಸದ ಕೊಬ್ಬು ಬೇಡ. ವಾಂತಿ, ಭೇದಿ ಆಗುತ್ತದೆ.
8. ಹಳಸಿದ್ದು, ಬೂಷ್ಟು ಹಿಡಿದದ್ದು ಬೇಡ. ನಮಗೆ ಹಳಸಿದ್ದು ಬೆಕ್ಕಿಗೂ ಹಳಸಿದ್ದೇ.
9. ಕಾಯಿಲೆಯಿಂದ ಸತ್ತ ಕೋಳಿ ಬೇಡ. ಹಕ್ಕಿಜ್ವರ ಬೆಕ್ಕಿಗೂ ಬರುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡ ಜಿಲ್ಲೆಯಲ್ಲಿ ಸಾಕು ಬೆಕ್ಕುಗಳಲ್ಲಿ ಈ ರೋಗ ಕಂಡುಬಂತು.

ನಮ್ಮ ಮಾತ್ರೆ ಬೆಕ್ಕಿಗೆ ಬೇಡ

ಕೆಂಚಿ ಮಲಗಿದ ದಿನ ಪಕ್ಕದ ಮನೆಯ ಹುಡುಗ ಜ್ವರದ ಮಾತ್ರೆ ತಂದಿದ್ದ. "ಅರ್ಧ ಪುಡಿ ಮಾಡಿ ಹಾಲಲ್ಲಿ ಹಾಕಜ್ಜಿ" ಅಂದಿದ್ದ. ಅಜ್ಜಿ ಹಾಕಿರಲಿಲ್ಲ. ಅದನ್ನು ಕೇಳಿ ಡಾಕ್ಟ್ರಮ್ಮ ನಿಟ್ಟುಸಿರು ಬಿಟ್ಟರು.

ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಈಲಿ ಆ ಮಾತ್ರೆಯನ್ನು ಕರಗಿಸಿ ಹೊರಹಾಕುತ್ತದೆ. ಬೆಕ್ಕಿನ ಈಲಿಗೆ ಆ ಶಕ್ತಿ ಬಹಳ ಕಡಿಮೆ. 500 ಮಿಲಿಗ್ರಾಂ ಮಾತ್ರೆ ಒಂದೇ ಒಂದು ಬೆಕ್ಕನ್ನು ಕೊಲ್ಲಬಹುದು. ಮುಖ, ಪಂಜ ಊದಿಕೊಳ್ಳುತ್ತದೆ. ವಸಡು ಕಂದು ಇಲ್ಲವೇ ನೀಲಿ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳಿಗೆ ಈ ಮಾತನ್ನು ಮರೆಯದೆ ಹೇಳಿ.

ನಮ್ಮ ಕ್ಷೇಮವನ್ನೂ ನೋಡಿಕೊಳ್ಳೋಣ

ಬೆಕ್ಕಿಗೆ ಒಂದು ತಟ್ಟೆ ಬೇರೆ ಇರಲಿ. ನಮ್ಮ ತಟ್ಟೆಯನ್ನು ನೆಕ್ಕಿಸಬಾರದು. ಬೆಕ್ಕಿನ ತಟ್ಟೆಯನ್ನು ದಿನಾ ಸೋಪು ಹಾಕಿ ತೊಳೆಯೋಣ. ತಿಂದು ಬಿಟ್ಟದ್ದನ್ನು ಹಾಗೇ ಬಿಡಬಾರದು. ನೊಣ, ಇರುವೆ ಮುತ್ತುತ್ತವೆ. ಊಟ ಹಾಕಿದ ಮೇಲೆ ಕೈ ತೊಳೆಯೋಣ.

ಹಸಿ ಮಾಂಸ ಹಾಕುವುದು ಬೇಡ. ಹಸಿ ಮಾಂಸದಿಂದಲೂ ಇಲಿಯಿಂದಲೂ ಕಣ್ಣಿಗೆ ಕಾಣದ ಒಂದು ಜೀವಿ ಬೆಕ್ಕಿನ ಹೊಟ್ಟೆ ಸೇರುತ್ತದೆ. ಅದರ ಹೆಸರು ಟಾಕ್ಸೊಪ್ಲಾಸ್ಮಾ. ಅದು ಬೆಕ್ಕಿನ ಮಲದಲ್ಲಿ ಹೊರಬರುತ್ತದೆ. ಬಸುರಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆ ಆಗಬಹುದು. ಹಾಗಂತ ಬೆಕ್ಕನ್ನು ಓಡಿಸಬೇಕಾಗಿಲ್ಲ. ಬಸುರಿಯರು ಬೆಕ್ಕಿನ ಮಲ ಎತ್ತಬಾರದು. ಅದನ್ನು ಮನೆಯ ಬೇರೆಯವರು ದಿನಾ ಎತ್ತಿ ಹೂಳಬೇಕು. ಮಣ್ಣು ಮುಟ್ಟಿದ ಮೇಲೆ ಕೈ ತೊಳೆಯಬೇಕು. ಮಾಂಸವನ್ನು ಚೆನ್ನಾಗಿ ಬೇಯಿಸಿ ತಿನ್ನಬೇಕು.

ತಿನ್ನುವಾಗ ಬೆಕ್ಕನ್ನು ಕೆಣಕಬಾರದು. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ ಮೆತ್ತಬಾರದು. ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕಿಗೆ ಮೊದಲೇ ಆ ಲಸಿಕೆ ಹಾಕಿಸುವುದು ಒಳ್ಳೆಯದು.

ಹೊಟ್ಟೆ ತುಂಬಿದರೆ ಇಲಿ ಹಿಡಿಯುತ್ತದೆಯೇ?

"ಬೆಕ್ಕಿಗೆ ಊಟ ಹಾಕಬಾರದು, ಹಾಕಿದರೆ ಇಲಿ ಹಿಡಿಯಲ್ಲ" ಅಂತ ಹಲವರು ಹೇಳುತ್ತಾರೆ. ಇದು ನಿಜವಲ್ಲ. ಬೇಟೆ ಬೆಕ್ಕಿನ ಹುಟ್ಟುಗುಣ. ಹೊಟ್ಟೆ ತುಂಬಿದ್ದರೂ ಇಲಿ ಓಡಿದರೆ ಅದು ಹಾರುತ್ತದೆ. ಉಪವಾಸ ಕೆಡವಿದ ಬೆಕ್ಕು ಸೊರಗುತ್ತದೆ. ಊಟ ಹುಡುಕಿಕೊಂಡು ಮನೆ ಬಿಟ್ಟು ಹೋಗುತ್ತದೆ.

ಕೆಂಚಿ ಮಲಗಿದ್ದ ದಿನಗಳಲ್ಲಿ ಇಲಿಗಳು ಅಜ್ಜಿಯ ರಾಗಿ ಮೂಟೆಯ ಎರಡು ಕಡೆ ತೂತು ಮಾಡಿದ್ದವು. ಬೆಕ್ಕಿನ ಬೆಲೆ ಆಗ ನಮಗೆಲ್ಲಾ ಗೊತ್ತಾಯಿತು.

ಬೆಕ್ಕಿನ ಹೊಟ್ಟೆ ಚಿಕ್ಕದು. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ. ಒಂದು ಎಚ್ಚರಿಕೆ: ಬೆಕ್ಕಿರುವ ಮನೆಯಲ್ಲಿ ಇಲಿ ಪಾಷಾಣ ಇಡಬೇಡಿ. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕಿಗೂ ಅಪಾಯ.

ಆಸ್ಪತ್ರೆಗೆ ಯಾವಾಗ ಹೋಗಬೇಕು?

ವಸಡು ಬಿಳಿಚಿದರೆ, ಹಳದಿಯಾದರೆ, ನೀಲಿಯಾದರೆ ಹೋಗಿ.
ಉಚ್ಚೆ ಕೆಂಪಗೆ ಇಲ್ಲವೇ ಕಂದಾಗಿ ಬಂದರೆ ಹೋಗಿ.
ಉಚ್ಚೆ ಹೊಯ್ಯಲು ಮುಕ್ಕಿದರೂ ಬಾರದಿದ್ದರೆ ಅವತ್ತೇ ಹೋಗಿ.
ಬಾಯಿ ತೆರೆದು ಏದುಸಿರು ಬಿಟ್ಟರೆ ಹೋಗಿ.
ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಕಾಯುತ್ತಾ ಕೂರಬೇಡಿ.

ಬೆಕ್ಕು ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಪಶು ಚಿಕಿತ್ಸಾ ವಾಹನದ ಫೋನ್ ನಂಬರು 1962. ಇದನ್ನು ಗೋಡೆಯ ಮೇಲೆ ಬರೆದಿಡಿ.

ಅಜ್ಜಿ ಬರೆದ ಮೂರು ಮಾತು

ಕೆಂಚಿ ಬದುಕಿತು. ಬೇಗ ಏಳಲಿಲ್ಲ. ಎರಡು ವಾರ ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡರು. ಉಪ್ಪಿಲ್ಲದ ಕೋಳಿ ಬೇಯಿಸಿ, ಕೈಯಲ್ಲಿ ನುರಿದು, ಸ್ವಲ್ಪ ಸ್ವಲ್ಪ ತಿನ್ನಿಸಿದರು. ದಿನಾ ತುಟಿ ಎತ್ತಿ ವಸಡು ನೋಡುತ್ತಿದ್ದರು. ಒಂದು ದಿನ ಸಂಜೆ ಜಗಲಿಗೆ ಓಡಿ ಬಂದರು. "ಬಣ್ಣ ಬಂತು ಕಣ್ರವ್ವ, ಬಣ್ಣ ಬಂತು" ಅಂದರು. ನಾವೆಲ್ಲಾ ಪುಸ್ತಕ ಬಿಟ್ಟು ಹೋಗಿ ನೋಡಿದೆವು.

ಅಜ್ಜಿಗೆ ಒಂದು ಚಿಂತೆ ಉಳಿದಿತ್ತು. ಮುಂದಿನ ಹಬ್ಬಕ್ಕೆ ಮಗ, ಸೊಸೆ, ಮೊಮ್ಮಕ್ಕಳು ಬರುತ್ತಾರೆ. ಮನೆ ತುಂಬ ಗದ್ದಲ. ಯಾರಾದರೂ ಪ್ರೀತಿಯಿಂದಲೇ ಕೆಂಚಿಗೆ ಸಾರು ಹಾಕಿಬಿಟ್ಟರೆ? ಎಷ್ಟು ಜನಕ್ಕೆ ಅಂತ ಹೇಳುವುದು?

ಅಲ್ಲಿಯವರೆಗೆ ಅಜ್ಜಿ ತಮ್ಮ ಹೆಸರು ಬಿಟ್ಟು ಬೇರೆ ಏನನ್ನೂ ತಾವಾಗಿ ಬರೆದಿರಲಿಲ್ಲ. "ಈ ವಯಸ್ಸಲ್ಲಿ ಬರೆದು ನಾನೇನು ಮಾಡಲಿ?" ಅನ್ನುತ್ತಿದ್ದರು. ಅವತ್ತು ತಾವೇ ಸೀಮೆಸುಣ್ಣ ಕೇಳಿ ಪಡೆದರು. ಳ ಅಕ್ಷರಕ್ಕೆ ಒತ್ತು ಹೇಗೆ ಕೊಡುವುದು ಅಂತ ಮೂರು ಸಲ ಕೇಳಿದರು. ಮನೆಗೆ ಹೋಗಿ ಒಲೆಯ ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು.

ಕೆಂಚಿಗೆ ಬೇಡ
ಈರುಳ್ಳಿ
ಬೆಳ್ಳುಳ್ಳಿ
ಮಾತ್ರೆ

ಅಕ್ಷರ ಸ್ವಲ್ಪ ಸೊಟ್ಟಗಿವೆ. ಆದರೆ ಓದಲು ಬರುತ್ತವೆ. ಹಬ್ಬಕ್ಕೆ ಬಂದ ಮೊಮ್ಮಗಳು ಅದನ್ನು ಜೋರಾಗಿ ಓದಿದಳು. "ಇದನ್ನ ಯಾರಜ್ಜಿ ಬರೆದದ್ದು?" ಎಂದು ಕೇಳಿದಳು.

"ನಾನೇ ಕಣೇ" ಅಂದರು ಅಜ್ಜಿ. ಆಮೇಲೆ ಕೋಳಿ ಹೆಚ್ಚುತ್ತಿದ್ದ ಸೊಸೆಯ ಕಡೆ ತಿರುಗಿದರು. "ಮೊದಲು ಎರಡು ತುಂಡು ಎತ್ತಿಡವ್ವ. ಒಗ್ಗರಣೆ ಆಮೇಲೆ."

ನೆನಪಿಡೋಣ

ಬೆಕ್ಕಿನ ಪಾಲನ್ನು ಒಗ್ಗರಣೆಗೆ ಮುಂಚೆ ಎತ್ತಿಡೋಣ.
ಉಪ್ಪಿಲ್ಲದೆ, ಮಸಾಲೆಯಿಲ್ಲದೆ, ಬೇಯಿಸಿ, ಮೂಳೆ ತೆಗೆದು ಕೊಡೋಣ.
ಹಾಲಿಗಿಂತ ನೀರು ಮುಖ್ಯ.
ನಮ್ಮ ಮಾತ್ರೆ ಬೆಕ್ಕಿಗೆ ವಿಷ.
ಕಾಯಿಲೆಗೆ ದೃಷ್ಟಿ ಕಾರಣವಲ್ಲ. ಏನು ತಿಂದಿತು ಅಂತ ಕೇಳೋಣ.

ಉತ್ತರ ಹೇಳಿ

1. ಅಜ್ಜಿ ಈರುಳ್ಳಿ ಹೋಳು ಹಾಕಿರಲಿಲ್ಲ. ಆದರೂ ಕೆಂಚಿಗೆ ಕಾಯಿಲೆ ಬಂದದ್ದು ಹೇಗೆ?
2. ಬೆಕ್ಕಿನ ತೂಕ 4 ಕಿಲೋ ಇದ್ದರೆ ಎಷ್ಟು ಗ್ರಾಂ ಈರುಳ್ಳಿ ಅಪಾಯ? ಲೆಕ್ಕ ಮಾಡಿ.
3. ಕೋಳಿ ಬೇಯಿಸಿದ ನೀರನ್ನು ಯಾಕೆ ಚೆಲ್ಲಬಾರದು?
4. ಮೊಸರನ್ನ ಮಾತ್ರ ತಿಂದರೆ ಬೆಕ್ಕಿಗೆ ಯಾವ ಸತ್ವ ಸಿಗುವುದಿಲ್ಲ?

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಇವತ್ತು ಏನು ಅಡುಗೆ? ಅದಕ್ಕೆ ಹಾಕಿದ ಪದಾರ್ಥಗಳ ಹೆಸರನ್ನು ಒಂದೊಂದಾಗಿ ಬರೆಯಿರಿ. ಬೆಕ್ಕಿಗೆ ಆಗದ್ದರ ಕೆಳಗೆ ಗೆರೆ ಎಳೆಯಿರಿ. ನೀವು ಬರೆದದ್ದನ್ನು ಮನೆಯವರಿಗೆ ಓದಿ ಹೇಳಿ.